‘ಎಲ್ಲಾ ಕಲರ್ ಅವೈಲೇಬಲ್’ ಅಂತ ಬರೆಯೋದು ಬಿಡಬೇಕಾ? ಬಿಟ್ರ ಏನ್ ಬರೀಬೇಕು?

ಕಪಡಾಬಜಾರ
ಕಲಬುರಗಿಯೊಳಗ ಸೀರಿ, ಬೆಡ್‌ಶೀಟ್, ಪ್ಲಾಸ್ಟಿಕ್ ಸಾಮಾನು ಮಾರೋ ಯಾವ ಅಂಗಡಿ ವಾಟ್ಸಾಪ್ ಕ್ಯಾಟಲಾಗ್ ತೆಗೆದ್ರೂ ಫೋಟೋದ ಕೆಳಗ ಒಂದೇ ಸಾಲು: ‘ಅವೈಲೇಬಲ್ ಇನ್ ಆಲ್ ಕಲರ್ಸ್’. ಕನ್ನಡದಾಗ ಬರೆದವರೂ ‘ಎಲ್ಲಾ ಕಲರ್ ಅವೈಲೇಬಲ್’ ಅಂತನ ಬರೀತಾರ. ಗಿರಾಕಿ ಫೋನ್ ಹಚ್ಚಿ ಮೆಂತೆ ಬಣ್ಣ ಕೇಳಿದ್ರ ಇಲ್ಲ, ಹಾಲುಬಿಳಿ ಕೇಳಿದ್ರ ಇಲ್ಲ. ಇರೋದು ಐದೇ ಬಣ್ಣ. ಆಳಂದ, ಜೇವರ್ಗಿ, ಚಿತ್ತಾಪುರಕ್ಕ ಬಸ್ ಪಾರ್ಸಲ್ ಮಾಡಿದ್ದು ‘ಫೋಟೋದಾಗಿನ ಬಣ್ಣ ಅಲ್ಲ’ ಅಂತ ವಾಪಸ್ ಬಂದ್ರ ಎರಡೂ ಕಡಿ ಬಾಡಿಗಿ ಅಂಗಡಿ ಮ್ಯಾಲ. ಈ ಸಾಲಿನ ಬದ್ಲಿ ಏನ್ ಹಾಕಬೇಕು, ಬಣ್ಣ ಹೆಂಗ ತೋರಿಸಬೇಕು, ಕೆಲಸಕ್ಕ ಬರೋ ಹಂಗ ಹೇಳ್ರಿ. ‘ಗಿರಾಕಿಯೇ ದೇವರು’ ಭಾಷಣ ಬ್ಯಾಡ.

ಬಿಸಿಲನಾಡು
ಬಿಡಬ್ಯಾಡ್ರಿ. ಆ ಸಾಲು ನೋಡೇ ಜನ ಫೋನ್ ಹಚ್ಚತಾರ. ಫೋನ್ ಬಂದ್ರ ಅರ್ಧ ವ್ಯಾಪಾರ ಆದಂಗ.

ಮಿಕ್ಸ್ ಲಾಟ್
ಫೋನೂ ಬರ್ತದ, ಸಾಮಾನೂ ವಾಪಸ್ ಬರ್ತದ. ಸಮಸ್ಯೆ ಏನಂದ್ರ ನಾಲ್ಕು ಬ್ಯಾರೆ ಬ್ಯಾರೆ ಪರಿಸ್ಥಿತಿಗೆ ನಮ್ಮವರು ಒಂದೇ ಸಾಲು ಬಡೀತಾರ.

ಪ್ಲಾಸ್ಟಿಕ್ ಕೊಡ, ಮಗ್, ಬಕೀಟು ಕಾರ್ಟನ್‌ದಾಗ ಕಂಪನಿಯವರೇ ಬ್ಯಾರೆ ಬ್ಯಾರೆ ಬಣ್ಣದ್ದು ಕೂಡಿಸಿ ತುಂಬಿರ್ತಾರ. ಡಬ್ಬಿ ಮ್ಯಾಲ ‘ಅಸಾರ್ಟೆಡ್’ ಅಂತಿರ್ತದ. ಅಂದ್ರ ಬಣ್ಣ ಆರಿಸೋ ಹಕ್ಕು ಯಾರಿಗೂ ಇಲ್ಲ, ಡೀಲರ್‌ಗೂ ಇಲ್ಲ. ಅದನ್ನ ಚಿಲ್ಲರೆ ಗಿರಾಕಿಗೆ ‘ಎಲ್ಲಾ ಕಲರ್’ ಅಂತ ತೋರಿಸಿದ್ರ ಜಗಳ ಗ್ಯಾರಂಟಿ. ಇದಕ್ಕ ಬರೀಬೇಕಾದದ್ದು ‘ಬಣ್ಣ ಆರಿಸಾಕ ಬರಲ್ಲ, ಬಂದದ್ದು ಕಳಿಸ್ತೀವಿ’.

‘ಮಲ್ಟಿಕಲರ್’ ಅಂದ್ರ ಒಂದೇ ವಸ್ತುವಿನ್ಯಾಗ ಭಾಳ ಬಣ್ಣ. ಚೌಕಡಿ ಬೆಡ್‌ಶೀಟ್ ಮಲ್ಟಿಕಲರ್. ಐದು ಬಣ್ಣದಾಗ ಸಿಗೋ ಪ್ಲೇನ್ ಬೆಡ್‌ಶೀಟ್ ಅಲ್ಲ. ಆನ್‌ಲೈನ್ ಸೈಟಿನ್ಯಾಗ ಬಣ್ಣದ ಖಾನೆಯೊಳಗ ಮಲ್ಟಿಕಲರ್ ಒತ್ತಿಬಿಟ್ರ, ‘ನೀಲಿ’ ಫಿಲ್ಟರ್ ಹಾಕಿ ಹುಡುಕೋ ಗಿರಾಕಿಗೆ ನಿಮ್ಮ ನೀಲಿ ಮಾಲು ಕಾಣೋದೇ ಇಲ್ಲ.

‘ಕಲರ್ ಮೇ ವೇರಿ’ ಅನ್ನೋದು ಸಣ್ಣ ಫರಕಿಗೆ ಮಾತ್ರ. ಮರೂನ್ ತೋರಿಸಿ ಟೊಮ್ಯಾಟೊ ಕೆಂಪು ಕಳಿಸಾಕ ಅಲ್ಲ.

ನಾಲ್ಕನೇದು, ಗಿರಾಕಿ ಹೇಳಿದ ಬಣ್ಣ ಮಾಡಿಕೊಡೋದು. ಪೇಂಟ್, ಪೌಡರ್ ಕೋಟಿಂಗ್, ಡೈಯಿಂಗ್. ಅಲ್ಲಿ ಮಾತ್ರ ‘ಎಲ್ಲಾ ಕಲರ್’ ಅನ್ನೋದಕ್ಕ ಒಂದೀಟು ಅರ್ಥ ಅದ.

ಶೇಡ್ ಕಾರ್ಡ್
ಅಲ್ಲೂ ಒಂದೀಟೇ. ಪೇಂಟ್ ಅಂಗಡ್ಯಾಗ ಬಣ್ಣ ಕಲಸೋ ಟಿಂಟಿಂಗ್ ಮಷೀನ್‌ದಾಗ ಬೇಸ್ ಬ್ಯಾರೆ ಬ್ಯಾರೆ ಇರ್ತಾವ. ತಿಳಿ ಬಣ್ಣಕ್ಕ ಬಿಳಿ ಬೇಸ್, ಗಾಢ ಬಣ್ಣಕ್ಕ ಬಿಳಿ ಪಿಗ್ಮೆಂಟ್ ಕಡಿಮಿ ಇರೋ ಬೇಸ್. ಆ ಬೇಸ್ ಸ್ಟಾಕ್ ಇಲ್ಲಂದ್ರ ಬಣ್ಣ ತೋರಿಸೋ ಶೇಡ್ ಕಾರ್ಡ್‌ದಾಗಿನ ಅರ್ಧ ಬಣ್ಣ ಅಂಗಡ್ಯಾಗ ಇಲ್ಲ ಅಂತನ ಲೆಕ್ಕ. ಕಡುಗೆಂಪು, ಕಡುಹಳದಿ ಗ್ವಾಡಿ ಮುಚ್ಚೋದು ಕಡಿಮಿ. ಎರಡು ಕೋಟ್ ಪೇಂಟಿಗೆ ಲೆಕ್ಕ ಹಾಕಿದ್ದು ಮೂರು, ನಾಲ್ಕಕ್ಕ ಹೋಗ್ತದ. ಹೊರಗಿನ ಗ್ವಾಡಿಗಿ ಅದೇ ಹಳದಿ, ಕೆಂಪು ಹಚ್ಚಿದ್ರ ನಮ್ಮ ಬಿಸಿಲಿಗೆ ಬೇಗ ಬೆಳ್ಳಗಾಗ್ತದ. ಕಾರ್ಡ್‌ದಾಗ ಯಾವ ಶೇಡ್ ಹೊರಗ ನಡೀತದ, ಯಾವುದು ಒಳಗ ಮಾತ್ರ ಅನ್ನೋ ಗುರುತು ಇರ್ತದ, ಓದೋರಿಲ್ಲ.

ಮತ್ತ ಎರಡು ಬಕೀಟು ಬೇಕಾದ್ರ ಎರಡೂ ಒಂದೇ ದಿನ ಟಿಂಟ್ ಮಾಡಿಸ್ರಿ, ಹಚ್ಚೋ ಮುಂಚೆ ದೊಡ್ಡ ಡ್ರಮ್ಮಿನ್ಯಾಗ ಕಲಸ್ರಿ. ಇಲ್ಲಂದ್ರ ಗ್ವಾಡಿ ನಡುವ ಗೆರಿ ಎಳದಂಗ ಕಾಣ್ತದ.

ಕಪಡಾಬಜಾರ
ಬಟ್ಟಿಗೆ ಬರ್ರಿ. ಸೂರತ್ ಮಾಲು ಸೆಟ್ ಲೆಕ್ಕದಾಗ ಬರ್ತದ, ಬಿಡಿ ಕೊಡಲ್ಲ. ಅದಕ್ಕೇನ್ ಬರೀಬೇಕು?

ಮಿಕ್ಸ್ ಲಾಟ್
ಸೆಟ್ ಅಂದ್ರ ನಾಲ್ಕು, ಆರು, ಎಂಟು. ಒಂದೇ ಡಿಸೈನ್, ಪ್ರತಿ ಪೀಸ್ ಬ್ಯಾರೆ ಬಣ್ಣ. ಅಂದ್ರ ಒಂದು ಸೆಟ್ ತಂದ್ರ ಒಂದೊಂದು ಬಣ್ಣದ್ದು ಒಂದೊಂದೇ ಸೀರಿ. ರಾಣಿ ಪಿಂಕ್ ಮೊದಲ ದಿನಾನೇ ಹೋಗ್ತದ, ಮಣ್ಣಿನ ಬಣ್ಣ, ಬೂದಿ ಬಣ್ಣ ಉಳೀತಾವ. ಕ್ಯಾಟಲಾಗ್‌ದಾಗ ಎಂಟು ಸೀರಿ ಕೂಡಿಸಿದ ಒಂದೇ ಫೋಟೋ ಹಂಗೇ ಇರ್ತದ. ಇದು ಸಾಲಿನ ತಪ್ಪಲ್ಲ, ಸ್ಟಾಕ್ ತಪ್ಪು.

ಪ್ರತಿ ಪೀಸಿಗೂ ಒಂದು ನಂಬರ್ ಕೊಡ್ರಿ: ಡಿಸೈನ್ 214, ಬಣ್ಣ 1ರಿಂದ 8. ಚೀಟಿ ಸೀರಿಗಿ ಪಿನ್ ಮಾಡ್ರಿ, ಫೋಟೋದಾಗೂ ಆ ಚೀಟಿ ಕಾಣಬೇಕು. ಗಿರಾಕಿ ‘214, ಬಣ್ಣ 3’ ಅಂತಾನ, ‘ಅದೇ ಆ ಹಸಿರು’ ಅನ್ನಲ್ಲ. ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್‌ದಾಗ ಒಂದು ಐಟಂಗೆ 10 ಫೋಟೋ ತನಕ ಹಾಕಬಹುದು, ಐಟಂ ಕೋಡ್ ಬರಿಯಾಕ ಬ್ಯಾರೆ ಖಾನೆನೂ ಅದ. ಒಟ್ಟು 500 ಐಟಂ ಮಿತಿ. ಹಂಗಾಗಿ ಎಂಟು ಬಣ್ಣಕ್ಕ ಎಂಟು ಐಟಂ ಮಾಡಿ ಜಾಗ ತುಂಬಬ್ಯಾಡ್ರಿ. ಒಂದೇ ಐಟಂ, ಎಂಟು ಫೋಟೋ. ಮಾರಿಹೋದ ಬಣ್ಣದ ಫೋಟೋ ಆ ದಿನಾನೇ ತೆಗೀರಿ.

ಸಗರನಾಡು
ಎಂಟು ಬಣ್ಣಕ್ಕ ಒಂದೇ ಐಟಂ ಮಾಡಿದ್ರ ಬೆಲಿ ಒಂದೇ ಹಾಕಬೇಕಾಗ್ತದ. ಉಳಿದ ಬಣ್ಣ 50 ರೂಪಾಯಿ ಕಡಿಮಿಗೆ ಬಿಡೋದು ಹೆಂಗ? ಶಹಾಪುರ, ಸುರಪುರ ಕಡಿ ಅಂಗಡಿಯವರು ಹಂಗೇ ಖಾಲಿ ಮಾಡ್ತಾರ.

ಮಿಕ್ಸ್ ಲಾಟ್
ಕೊನೆಗ ಉಳಿದ ಬಣ್ಣಕ್ಕ ಬ್ಯಾರೆ ಐಟಂ ಮಾಡ್ರಿ, ‘214, ಉಳಿದ ಬಣ್ಣ’ ಅಂತ. ಮೊದಲಿಂದ ಬ್ಯಾರೆ ಬೆಲಿ ಹಾಕಿದ್ರ ಗಿರಾಕಿಗೆ ಆ ಬಣ್ಣದಾಗ ಏನೋ ದೋಷ ಅದ ಅನ್ನೋ ಸಂಶಯ ಬರ್ತದ.

ಚೌಬಾರಾ
ಅಮೆರಿಕಾದ ಫೋರ್ಡ್ ಸಾಹೇಬ್ರು ಹೇಳಿದ್ದೇ ಛಲೋ: ‘ಕಪ್ಪು ಇದ್ರ ಸಾಕು, ಯಾವ ಬಣ್ಣ ಬೇಕಾದ್ರೂ ತಗೋರಿ’. ಮಾಡೆಲ್ ಟಿ ಕಾರು ಕಡಿತನಕ ಕಪ್ಪೇ ಇತ್ತು, ಗಲಾಟೆ ಇಲ್ಲ.

ಆರ್.ಸಿ. ಬುಕ್
ಕಡಿತನಕ ಅಲ್ಲ ಸಾಹೇಬ್ರ. 1908ರಾಗ ಮಾಡೆಲ್ ಟಿ ಬಂದಾಗ ಕೆಂಪು, ಹಸಿರು, ಬೂದು ಬಣ್ಣದ ಗಾಡಿಗಳೂ ಇದ್ವು. ಬರೀ ಕಪ್ಪು ಅಂತ ಆದದ್ದು 1914ರಿಂದ 1925ರ ತನಕ. ಆಮ್ಯಾಲ ಮತ್ತ ಬಣ್ಣ ತಂದ್ರು, ಯಾಕಂದ್ರ ಎದುರಿನ ಕಂಪನಿಗಳು ಬೇಗ ಒಣಗೋ ಹೊಸ ಲ್ಯಾಕರ್ ಹಚ್ಚಿ ಬಣ್ಣಬಣ್ಣದ ಕಾರು ಬಿಟ್ಟಿದ್ರು. 1927ಕ್ಕ ಮಾಡೆಲ್ ಟಿನೇ ನಿಂತ್ಹೋತು.

ಗಾಡಿ ಮಾತು ಬಂತು ಅಂತ ಹೇಳ್ತೀನಿ. ಶೋರೂಮಿನ ‘ಎಲ್ಲಾ ಕಲರ್ ಅವೈಲೇಬಲ್’ ಅಂದ್ರ ‘ಬುಕ್ ಮಾಡಬಹುದು’ ಅಂತ, ‘ಗೋದಾಮಿನ್ಯಾಗ ಅದ’ ಅಂತ ಅಲ್ಲ. ರೊಕ್ಕ ಕಟ್ಟೋ ಮುಂಚೆ ಬುಕಿಂಗ್ ರಸೀದಿ ಮ್ಯಾಲ ಬಣ್ಣದ ಪೂರ್ತಿ ಹೆಸರು ಬರೆಸ್ಕೋರಿ. ಬರೀ ‘ಬ್ಲೂ’ ಅಂತಿದ್ರ ಅವರು ಯಾವ ಬ್ಲೂ ಕೊಟ್ರೂ ನಡೀತದ. ಆಮ್ಯಾಲ ಬಣ್ಣ ಬದಲಿಸಿದ್ರ ಆರ್.ಟಿ.ಒ.ದಾಗ ಆರ್.ಸಿ. ತಿದ್ದಿಸಬೇಕು. ಗೀಚು ಬಿದ್ರ ಟಚ್‌ಅಪ್‌ಗೂ ಗಾಡಿ ಮ್ಯಾಲಿನ ಸ್ಟಿಕ್ಕರ್‌ದಾಗಿರೋ ಪೇಂಟ್ ಕೋಡ್ ಬೇಕು.

ಚೌಬಾರಾ
ಸರಿ, ಕಾರು ಬಿಡ್ರಿ. ಕಪ್ಪು ಒಂದೇ ಅಂತ ಗಟ್ಟಿಯಾಗಿ ಹೇಳೋ ಮಾಲು ಬೀದರದಾಗ ಅದ. ಬಿದರಿ. ಅದರಾಗೂ ಆನ್‌ಲೈನ್‌ದವರು ‘ಬ್ಲೂ ಬಿದರಿ, ಕಾಪರ್ ಬಿದರಿ, ಮಲ್ಟಿಪಲ್ ಕಲರ್ ಆಪ್ಶನ್ಸ್’ ಅಂತ ಹಾಕ್ಲಿಕ್ಕತ್ತಾರ. ಹಂಗ ಬರೆದದ್ದು ಕಂಡ್ರ ಮುಂದ ನಡೀರಿ.

ಬಿದರಿಯ ಕಪ್ಪು ಬಣ್ಣ ಹಚ್ಚಿದ್ದಲ್ಲ. ಲೋಹ ಸತು ಮತ್ತು ತಾಮ್ರದ ಮಿಶ್ರಣ, ಸತು ಹದಿನಾರು ಪಾಲು ಇದ್ರ ತಾಮ್ರ ಒಂದು ಪಾಲಿನ ಹತ್ರ. ಎರಕ ಹೊಯ್ದು, ಕಾನಸು ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಪೂರ್ತಿ ಕಪ್ಪು ಮಾಡ್ತಾರ. ಗೀಚಿದ ಚಿತ್ರ ಕಾಣಲಿ ಅಂತ ಅಷ್ಟೇ. ಉಳಿಯಿಂದ ಕೊರೆದು ಬೆಳ್ಳಿ ತಂತಿ ಇಲ್ಲಾ ತಗಡು ಬಡಿದು ಕೂಡಿಸ್ತಾರ. ಮತ್ತ ತಿಕ್ಕಿ ಆ ಕಪ್ಪು ತೆಗೀತಾರ. ಆವಾಗ ಬೆಳ್ಳಿ ಯಾವುದು, ಲೋಹ ಯಾವುದು ಗೊತ್ತೇ ಆಗಲ್ಲ, ಎಲ್ಲಾ ಬೆಳ್ಳಗೆ. ಕಡಿಗೆ ಬೀದರ ಕೋಟೆ ಮಣ್ಣು ಮತ್ತ ನವಸಾಗರ ಕುದಿಸಿದ ನೀರಾಗ ಹಾಕಿದ್ರ ಸತುವಿನ ಮೈ ಮಾತ್ರ ಕರ್ರಗಾಗ್ತದ, ಬೆಳ್ಳಿ ಹಂಗೇ ಉಳೀತದ. ಮ್ಯಾಲ ಎಣ್ಣಿ ಕೈ ಆಡಿಸಿದ್ರ ಕಪ್ಪು ಗಟ್ಟಿ ಆಗ್ತದ.

ಹಿಂಗಾಗಿ ಬಣ್ಣದ ಆಯ್ಕೆ ಅನ್ನೋದು ಬಿದರಿಯೊಳಗ ಇಲ್ಲ. ಆಯ್ಕೆ ಇರೋದು ಕೆತ್ತನೆಯೊಳಗ: ತಂತಿ ಕೆಲಸ, ತಗಡಿನ ಕೆಲಸ, ಬೆಳ್ಳಿ ಎಷ್ಟು ಗ್ರಾಂ. ಮಾರೋರು ಬರೀಬೇಕಾದದ್ದು ಅದು. 2006ರಾಗ ಜಿಐ ಟ್ಯಾಗ್ (ಆ ಊರಿನದ್ದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕ ಮಾಲು ಇದು.

ಬಿಸಿಲನಾಡು
ಡುಪ್ಲಿಕೇಟ್ ಹೆಂಗ ಹಿಡಿಯೋದು?

ಚೌಬಾರಾ
ತಳ ತಿರುವಿ ನೋಡ್ರಿ. ಕಪ್ಪು ಪೇಂಟ್ ಹೊಡೆದದ್ದಿದ್ರ ಅಂಚಿಗೆ, ಸಂದಿಗೆ ಪೇಂಟ್ ಗಂಟು ಕಟ್ಟಿರ್ತದ, ಉಗುರಿಗೆ ಸಿಪ್ಪಿ ಏಳ್ತದ. ಡಿಸೈನ್ ಮ್ಯಾಲ ಬೆರಳು ಆಡಿಸ್ರಿ. ಬೆಳ್ಳಿ ಕೂಡಿಸಿದ್ದು ಮೈಗೆ ಸಮ ಇರ್ತದ, ಛಾಪಾ ಹೊಡೆದದ್ದು ಉಬ್ಬಿರ್ತದ. ಮನಿಯೊಳಗ ಹುಣಸಿಹಣ್ಣು, ಲಿಂಬಿ ಹಚ್ಚಿ ತಿಕ್ಕಬ್ಯಾಡ್ರಿ, ಕಪ್ಪು ಹೋಗ್ತದ. ಒಣ ಮೆತ್ತನ ಅರಿವಿ, ಬೆಳ್ಳಿ ಮಂಕಾದ್ರ ಒಂದು ಹನಿ ಕೊಬ್ಬರಿ ಎಣ್ಣಿ. ಸಾಕು.

ಕಪಡಾಬಜಾರ
ಭಾಳ ಛಲೋ ಮಾಹಿತಿ, ಆದ್ರ ನನ್ನ ಸೀರಿ ಎಲ್ಲಿ ಹೋದ್ವು?

ಬಾಗಿಲ ಬೆಳಕು
ಬಂದ್ವು. ವಾಪಸ್ ಬರೋ ಮಾಲಿನ್ಯಾಗ ದೊಡ್ಡ ಪಾಲು ಫೋಟೋದ್ದು, ಸಾಲಿಂದಲ್ಲ. ಕಪಡಾ ಬಜಾರದ ಅಂಗಡ್ಯಾಗ ಮ್ಯಾಲ ಬಿಳಿ ಎಲ್‌ಇಡಿ, ಷೋಕೇಸಿನ್ಯಾಗ ಹಳದಿ ಬಲ್ಬು, ಬಾಗಿಲದಿಂದ ಬಿಸಿಲು. ಮೂರೂ ಒಂದೇ ಸೀರಿ ಮ್ಯಾಲ ಬಿದ್ರ ಫೋನಿಗೆ ಬಿಳಿ ಯಾವುದು ಅಂತ ತಿಳಿಯಲ್ಲ. ಬೆಳಕಿನ ಬಣ್ಣದ ಅಳತಿಯೊಳಗ ಹಳದಿ ಬಲ್ಬು 3000 ಕೆಲ್ವಿನ್, ಬಿಳಿ ಟ್ಯೂಬು 6500 ಕೆಲ್ವಿನ್. ಎರಡರ ನಡುವ ಕ್ರೀಮ್ ಬಣ್ಣ ಒಮ್ಮೆ ಹಳದಿ, ಒಮ್ಮೆ ನೀಲಿ ಬಿಳಿ ಆಗ್ತದ.

ಮಾಡೋದು ಹಿಂಗ. ಎಲ್ಲಾ ಲೈಟ್ ಆರಿಸ್ರಿ. ಮುಂಜಾನೆ ಹತ್ತರ ಸುಮಾರು, ನೇರ ಬಿಸಿಲು ಬೀಳದ ಬಾಗಿಲ ಹತ್ರ ಬಿಳಿ ಅಥವಾ ಬೂದು ಅರಿವಿ ಹಾಸಿ ಅದರ ಮ್ಯಾಲ ಸೀರಿ. ಅಂಗಡಿಯ ಕೆಂಪು ಗಾದಿ ಮ್ಯಾಲ ಇಟ್ರ ಕೆಂಪು ಛಾಯೆ ಸೀರಿಗಿ ಹತ್ತತದ. ಪಕ್ಕದಾಗ ಬಿಳಿ ಕಾಗದ ಇಡ್ರಿ, ಫೋಟೋದಾಗ ಅದು ಬಿಳಿ ಕಾಣ್ತದೇನು ನೋಡ್ರಿ. ಫೋನಿನ ‘ವಿವಿಡ್’, ‘ಎಐ’, ‘ಬ್ಯೂಟಿ’ ಎಲ್ಲಾ ಬಂದ್. ಪರದೆ ಮ್ಯಾಲ ಬೆರಳು ಒತ್ತಿ ಹಿಡಿದು ಬೆಳಕು ಲಾಕ್ ಮಾಡ್ರಿ, ಕೆಂಪು, ರಾಣಿ ಬಣ್ಣಕ್ಕ ಬೆಳಕು ಒಂದೀಟು ಇಳಿಸ್ರಿ. ಇಲ್ಲಂದ್ರ ಕೆಂಪು ಉಕ್ಕಿ ನೇಯ್ಗೆ, ಜರಿ ಎರಡೂ ಮಾಯ.

ಧೂಪ್‌ಛಾಂವ್ ಸೀರಿ ಇದ್ರ ಒಂದು ಫೋಟೋ ಸಾಲಲ್ಲ. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು, ನೋಡೋ ಕೋನ ಬದಲಾದ್ರ ಬಣ್ಣ ಬದಲಾಗ್ತದ. ಹತ್ತು ಸೆಕೆಂಡಿನ ವಿಡಿಯೋ, ಸೆರಗು ಎತ್ತಿ ಒಮ್ಮೆ ತಿರುವಿದ್ರ ಮುಗೀತು.

ರಾಮಾ ಹಸಿರು (ನೀಲಿ ಛಾಯೆಯ ಹಸಿರು), ನೇರಳೆ, ಹೊಳೆಯೋ ಫ್ಲೋರೊಸೆಂಟ್ ಬಣ್ಣ ಎಷ್ಟು ಮಾಡಿದ್ರೂ ಫೋನಿನ್ಯಾಗ ಸರಿ ಬರಲ್ಲ. ಈ ಮೂರಕ್ಕ ಮಾತ್ರ ‘ಎದುರಿಗೆ ನೋಡಿದ್ರ ಫರಕ್ ಕಾಣ್ತದ’ ಅಂತ ಬರೀರಿ, ಫರಕ್ ಯಾವ ಕಡಿಗಿ ಅಂತನೂ ಬರೀರಿ: ‘ಫೋಟೋಕ್ಕಿಂತ ಜಾಸ್ತಿ ಹಸಿರು’.

ಸಗರನಾಡು
ಗಿರಾಕಿ ಫೋನಿನ್ಯಾಗ ಕಣ್ಣಿಗೆ ತಂಪು ಮೋಡ್ ಹಾಕಿದ್ರ? ರಾತ್ರಿ ಎಲ್ಲಾ ಹಳದಿ ಕಾಣ್ತದ.

ಬಾಗಿಲ ಬೆಳಕು
ಅದಕ್ಕೇ ರಾತ್ರಿ ಆರ್ಡರ್ ಬಂದ್ರ ಬಣ್ಣದ ಹೆಸರು, ನಂಬರ್ ಎರಡೂ ಟೈಪ್ ಮಾಡಿ ವಾಪಸ್ ಕಳಿಸಿ ‘ಹೌದು’ ಅನ್ನಿಸ್ಕೋರಿ. ಆ ಮೆಸೇಜೇ ನಿಮ್ಮ ರಸೀದಿ.

ಗ್ರಾಹಕ ಕಟ್ಟೆ
ಕಾನೂನಿನ ಮಾತು ಯಾರೂ ಆಡಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣ ಇಲ್ಲದ ಸರಕನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಮರೂನ್ ತೋರಿಸಿ ಬೇರೆ ಕೆಂಪು ಕಳಿಸಿದರೆ ‘ಕಲರ್ ಮೇ ವೇರಿ’ ಎಂಬ ಸಾಲು ಹೆಚ್ಚು ಕಾಪಾಡುವುದಿಲ್ಲ. ಗ್ರಾಹಕರಿಗೆ 1915 ಸಹಾಯವಾಣಿ ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ.

ಬಿಸಿಲನಾಡು
600 ರೂಪಾಯಿ ಸೀರಿಗೆ ಯಾರು ಆಯೋಗಕ್ಕ ಹೋಗ್ತಾರ್ರಿ?

ಗ್ರಾಹಕ ಕಟ್ಟೆ
ಹೋಗದಿರಬಹುದು. 1915ಕ್ಕೆ ಫೋನ್ ಮಾಡಲು ಎಷ್ಟು ಹೊತ್ತು ಬೇಕು? ಬಿಲ್ಲಿನ ಮೇಲೆ ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಅಚ್ಚು ಹಾಕಿಸಿದರೆ ಸಾಕು ಅಂದುಕೊಂಡವರೂ ಕೇಳಿ: ದೋಷವಿರುವ ಸರಕಿಗೆ ಆ ಅಚ್ಚು ನಡೆಯುವುದಿಲ್ಲ. ಬಿಲ್ಲಿನಲ್ಲಿ ಅವಧಿ ಇಲ್ಲದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಬೇಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ.

ಫರ್ಸಿಕಲ್ಲು
ನೆಲಕ್ಕ ಹಾಸೋ ಶಹಾಬಾದ ಫರ್ಸಿ ಕಲ್ಲಿಗೂ ಇದೇ ರೋಗ. ‘ಎಲ್ಲಾ ಕಲರ್’ ಅಂತಾರ, ಇರೋದು ಬೂದು, ನೀಲಿ ಛಾಯೆಯ ಬೂದು, ಹಳದಿ ಮಿಶ್ರ. ಸುಣ್ಣದ ಕಲ್ಲು, ಒಂದೇ ಖಣಿಯೊಳಗ ಪದರಿಂದ ಪದರಿಗೆ ಬಣ್ಣ ಬದಲಾಗ್ತದ. ಲೋಡ್ ಇಳಿಸೋ ಮುಂಚೆ ನಾಲ್ಕಾರು ಕಲ್ಲು ಬ್ಯಾರೆ ಬ್ಯಾರೆ ಕಡಿಂದ ತೆಗೆದು ನೆಲಕ್ಕ ಹಾಸಿ ನೀರು ಸುರೀರಿ. ಪಾಲಿಶ್ ಆದ ಮ್ಯಾಲ ಬರೋ ಬಣ್ಣ ಸುಮಾರು ಆ ಒದ್ದಿ ಬಣ್ಣ. ಒಣ ಕಲ್ಲು ನೋಡಿ ಆರಿಸಿದವರು ಆಮ್ಯಾಲ ‘ಕರ್ರಗಾತು’ ಅಂತ ಬೈತಾರ. ಸಿಮೆಂಟ್ ಕಲೆ ತೆಗೀಲಿಕ್ಕ ಆ್ಯಸಿಡ್ ಹಾಕಬ್ಯಾಡ್ರಿ, ಸುಣ್ಣದ ಕಲ್ಲು ಬುರುಗು ಬಂದು ಮೈ ಒರಟಾಗ್ತದ, ಹೊಳಪು ಹೋದಂಗೇ.

ತೊಗರಿ ಕಣಜ
ಆ್ಯಸಿಡ್ ಅಂದಿದ್ದಕ್ಕ ನೆನಪಾತು, ಬ್ಯಾಳಿಗೂ ಬಣ್ಣ ಹಾಕ್ತಾರ. ಬ್ಯಾಳಿ ಬಿಸಿನೀರಾಗ ನೆನಸಿ, ಆ ನೀರಿಗೆ ಹೈಡ್ರೋಕ್ಲೋರಿಕ್ ಆ್ಯಸಿಡ್ ಎರಡು ಹನಿ ಬಿಟ್ರ ಗುಲಾಬಿ ಬಂದ್ರ ಅದು ಮೆಟಾನಿಲ್ ಯೆಲ್ಲೋ, ತಿನ್ನಬಾರದ ಬಣ್ಣ. ನಮ್ಮ ಕಲಬುರಗಿ ತೊಗರಿಗೆ 2019ರಾಗ ಜಿಐ ಬಂದದ, ಅದಕ್ಕ ಯಾವ ಬಣ್ಣನೂ ಬೇಕಾಗಿಲ್ಲ.

ಕಪಡಾಬಜಾರ
ಸೀರಿಂದ ಬ್ಯಾಳಿಗೆ ಬಂದ್ರಿ. ಇನ್ನ ಸಾರು ಕುದಿಸೋದೊಂದು ಬಾಕಿ.

ನೂಲು ಲೆಕ್ಕ
ಲಾಟ್ ಮಾತು ಬಿಟ್ಟೀರಿ, ಅಂದ್ರ ಒಂದೇ ಸಲಕ್ಕ ಬಣ್ಣ ಹಾಕಿದ ಮಾಲು. ಪರದಾ ಅರಿವಿ, ಬೆಡ್‌ಶೀಟ್ ಥಾನಿಗೆ ಇದು ಮುಖ್ಯ. ಒಂದೇ ಶೇಡ್ ನಂಬರ್ ಇದ್ರೂ ಬ್ಯಾರೆ ದಿನ ಬಣ್ಣದ ತೊಟ್ಟಿಗೆ ಬಿದ್ದ ಅರಿವಿ ಬರೋಬ್ಬರಿ ಒಂದೇ ಬರಲ್ಲ. ನೀರು, ಬಿಸಿ, ಸಮಯ ಒಂದೀಟು ಆ ಕಡಿ ಈ ಕಡಿ ಆದ್ರ ಸಾಕು. ಹಾಲಿಗೆ ಈಗ ಪರದಾ ತಗೊಂಡು, ತಿಂಗಳು ಬಿಟ್ಟು ಮಲಗೋ ಖೋಲಿಗೆ ‘ಅದೇ ಬಣ್ಣ’ ಕೇಳೋರಿಗೆ ಮೊದಲೇ ಹೇಳ್ರಿ, ಒಂದೇ ಸಲಕ್ಕ ತಗೋರಿ, ನೂರಕ್ಕ ಹತ್ತು ಜಾಸ್ತಿ ತಗೋರಿ ಅಂತ. ಥಾನಿನ ಅಂಚಿಂದ ಎರಡು ಇಂಚಿನ ತುಣುಕು ಕತ್ತರಿಸಿ ಲಾಟ್ ನಂಬರ್ ಬರೆದು ಬಿಲ್ ಬುಕ್ಕಿಗೆ ಹಚ್ಚಿಡ್ರಿ.

ಇನ್ನೊಂದು. ಎರಡು ತುಣುಕು ಅಂಗಡಿ ಲೈಟಿನ್ಯಾಗ ಒಂದೇ ಕಂಡು ಬಿಸಿಲಿಗೆ ಒಯ್ದ್ರ ಬ್ಯಾರೆ ಕಾಣಬಹುದು. ಎರಡಕ್ಕೂ ಹಾಕಿದ ಬಣ್ಣದ ರಸಾಯನ ಬ್ಯಾರೆ ಇದ್ದಾಗ ಹಿಂಗಾಗ್ತದ. ಬ್ಲೌಸ್ ಅರಿವಿ ಹೊಂದಿಸೋದು ಯಾವಾಗಲೂ ಬಾಗಿಲ ಹೊರಗ.

ಹೊರಗ ನೇತುಹಾಕಿದ ಪೀಸ್ ತೋರಿಸಿ ಆರ್ಡರ್ ತಗೋಬ್ಯಾಡ್ರಿ. ಏಪ್ರಿಲ್, ಮೇದಾಗ 42 ಡಿಗ್ರಿ ಬಿಸಿಲಿಗೆ ಅದರ ಬಣ್ಣ ಇಳಿದಿರ್ತದ, ಗೋದಾಮಿನ ಮಾಲು ಗಾಢ ಇರ್ತದ. ಬಣ್ಣ ಬಿಡ್ತದೇನು ನೋಡಾಕ ಒದ್ದಿ ಬಿಳಿ ಅರಿವಿ ಬೆರಳಿಗೆ ಸುತ್ತಿ ಹತ್ತು ಸಲ ಜೋರಾಗಿ ತಿಕ್ಕಿ ನೋಡ್ರಿ.

ಕಪನೂರ ಶೆಡ್
ಕಪಾಟು, ಗ್ರಿಲ್ ಮಾಡಿಸೋರಿಗೆ: ಪೌಡರ್ ಕೋಟಿಂಗ್‌ಗೆ ಬಣ್ಣದ ಹೆಸರು ಬ್ಯಾಡ, ರಾಲ್ (RAL) ಅನ್ನೋ ಬಣ್ಣದ ಪಟ್ಟಿಯ ನಂಬರ್ ಕೊಡ್ರಿ. 7035 ತಿಳಿಬೂದು, 9005 ಕಪ್ಪು, 9010 ಬಿಳಿ. ಮ್ಯಾಟಾ, ಗ್ಲಾಸಾ, ಟೆಕ್ಸ್‌ಚರಾ ಅಂತನೂ ಬರೀರಿ, ಅದೇ ನಂಬರ್ ಮ್ಯಾಟ್‌ದಾಗ ಬ್ಯಾರೆನೇ ಕಾಣ್ತದ. ಸ್ಟಾಕ್ ಇಲ್ಲದ ಬಣ್ಣ ಕೇಳಿದ್ರ ಪೂರಾ ಬಾಕ್ಸ್ ಪೌಡರ್ ತರಿಸಬೇಕು, ಒಂದು ಕಪಾಟಿಗೆ ಆ ಖರ್ಚು ಹೊಂದಲ್ಲ.

ಕಪಡಾಬಜಾರ
ಇಷ್ಟೆಲ್ಲಾ ಓದಿ ಹಿಂಗ ಬರೆದೀನಿ, ನೋಡ್ರಿ:

‘ಇಳಕಲ್ ಸೀರಿ, ಕಾಟನ್-ಸಿಲ್ಕ್. ಡಿಸೈನ್ 31. ಬಣ್ಣ ಐದು: 1 ಗಿಳಿಹಸಿರು, 2 ದಾಳಿಂಬೆ ಕೆಂಪು, 3 ಬದನಿಕಾಯಿ ಬಣ್ಣ, 4 ಮೆಂತೆ, 5 ನವಿಲು ನೀಲಿ. ಫೋಟೋದಾಗಿನ ನಂಬರ್ ಹೇಳ್ರಿ. 5ನೇದು ಎದುರಿಗೆ ಇನ್ನೂ ಹಸಿರು ಕಾಣ್ತದ.’

ನೂಲು ಲೆಕ್ಕ
ಛಲೋ ಅದ, ಆದ್ರ ಇಳಕಲ್‌ಗೆ ಇದು ಅರ್ಧ. ನೀವು ಬರೆದದ್ದು ಒಡಲಿನ ಬಣ್ಣ. ದಡಿ ಬಣ್ಣ ಬ್ಯಾರೆ ಬರೀರಿ. ಸೆರಗು ಕೆಂಪು-ಬಿಳಿ ಇರ್ತದ ಅಂತನೂ ಹಾಕ್ರಿ, ಹೊಸಬರು ‘ಹಸಿರು ಸೀರಿ ಕೇಳಿದ್ರ ಕೆಂಪು ಸೆರಗು ಕಳಿಸೀರಿ’ ಅಂತ ವಾಪಸ್ ಮಾಡ್ತಾರ.

ಸಗರನಾಡು
ಬ್ಲೌಸ್ ಪೀಸ್ ಅದನೋ ಇಲ್ಲೋ ಅನ್ನೋದೂ. ಇದ್ರ ಎಷ್ಟು ಉದ್ದ, ಒಡಲಿನ ಬಣ್ಣದ್ದಾ ದಡಿ ಬಣ್ಣದ್ದಾ.

ಮಿಕ್ಸ್ ಲಾಟ್
ಸೀರಿ ಐದೂವರಿ ಮೀಟರ್, ಬ್ಲೌಸ್ 80 ಸೆಂಟಿಮೀಟರ್, ಹಿಂಗ ಎರಡೂ ಬಿಡಿಸಿ ಬರೀರಿ. ‘6.3 ಮೀಟರ್’ ಅಂತ ಕೂಡಿಸಿ ಬರೆದ್ರ ಬೀದರ, ಔರಾದ ಕಡಿಂದ ‘ಒಂಬತ್ತು ವಾರದ್ದು (ಗಜದ್ದು) ಅದಾ’ ಅಂತ ಮತ್ತ ಫೋನ್ ಬರ್ತಾವ.

ಕಪಡಾಬಜಾರ
ಒಂಬತ್ತು ವಾರದ್ದೂ ಅದ, ಎರಡೇ ಬಣ್ಣ. ಅದಕ್ಕ ಬ್ಯಾರೆ ಐಟಂ ಮಾಡ್ತೀನಿ.